ಅಣ್ಣನ ಪಾಲಿನ ತೆನೆ

ಕಳೆದ ವರ್ಷ ಕಾಲೇಜಿನ ಹುಡುಗಿಯೊಬ್ಬಳು ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ನಾನು ಬರೆದ ಒಂದೇ ಒಂದು ಕಾದಂಬರಿಯಲ್ಲಿರುವ ಧಾರ್ಮಿಕ ಸಂಕೇತಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳಂತೆ. ಹೆಣ್ಣುಮಗುವೊಂದು ಬೆಳೆದು ಲೋಕ ತಿಳಿಯುವ ಕಥೆ ಅದು. ಕೊಂಕಣಿ ಮಾತು, ಕನ್ನಡ ಲಿಪಿ. ನಮ್ಮ ಕ್ರೈಸ್ತರ ವಾರಪತ್ರಿಕೆಯೊಂದರಲ್ಲಿ ಐವತ್ತರ ದಶಕದ ಕೊನೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಅದರ ಕೊನೆಯ ಕಂತು ಅಚ್ಚಾಗಲೇ ಇಲ್ಲ.

"ಮೇಡಂ, ತೆನೆ ಹಬ್ಬದ ದಿನ ತಾಯಿ ಮಗನ ಪಾಲಿನ ಕಾಳನ್ನು ತಾನೇ ತಿಂತಾಳಲ್ಲ, ಅದು ಎಂತದರ ಸಂಕೇತ? ಇಗರ್ಜಿಯ ಪೂಜೆಯಲ್ಲಿ ಕೊಡುವ ರೊಟ್ಟಿಯದ್ದಾ?" ಎಂದು ಕೇಳಿದಳು.

ಹೌದು ಎಂದೆ. ಬರೆದುಕೊಂಡಳು. ಚಾ ಕುಡಿದು, ನನ್ನ ಫೋಟೋ ತೆಗೆದು ಹೋದಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಸಂಕೇತ ಎಂಬ ಶಬ್ದದ ಮೇಲೆ. ಆ ಕಾಳಿನ ಕಥೆಯಿಂದ ನಮ್ಮ ಮನೆಯಲ್ಲಿ ಆದದ್ದನ್ನು ಯಾವ ಪ್ರಬಂಧದಲ್ಲಿಯೂ ಹಾಕಲು ಬರುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತೇನೆ.

ಬಿಜೈಯಲ್ಲಿ ನಮ್ಮದೊಂದು ಬಾಡಿಗೆ ಮನೆ. ಇಗರ್ಜಿಯ ಗಂಟೆ ಅಡುಗೆಮನೆಯ ಒಳಗೂ ಕೇಳಿಸುವಷ್ಟು ಹತ್ತಿರ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದವನು, ನಾನು ಶಾಲೆಯಲ್ಲಿರುವಾಗಲೇ ತೀರಿಹೋದ. ಉಳಿದವರು ಅಮ್ಮ, ಅಣ್ಣ ಮತ್ತು ನಾನು. ಅಮ್ಮನನ್ನು ನಾವು ಮಾಯ್ ಎಂದು ಕರೆಯುತ್ತಿದ್ದೆವು. ಅಣ್ಣ ಬೊಂಬಾಯಿಗೆ ಹೋಗಿ ಸರಕು ಹಡಗಿನ ಅಡುಗೆಕೋಣೆಯಲ್ಲಿ ಕೆಲಸ ಹಿಡಿದ. ನಾನು ತರಬೇತಿ ಮುಗಿಸಿ ಶಾಲೆಯಲ್ಲಿ ಟೀಚರಾದೆ. ಕಂಕನಾಡಿಯ ಆಸ್ಪತ್ರೆಯಲ್ಲಿ ಪೊರೆ ತೆಗೆಸಿದರೂ ಅಮ್ಮನಿಗೆ ಅಕ್ಷರ ಕಾಣುತ್ತಿರಲಿಲ್ಲ. ಪ್ರಾರ್ಥನೆಗಳು ಬಾಯಿಪಾಠ, ಮಿಕ್ಕದ್ದನ್ನೆಲ್ಲ ನಾನು ಓದಿ ಹೇಳಬೇಕಿತ್ತು.

ನನಗೂ ಅವಳಿಗೂ ಜಗಳವಿಲ್ಲದ ದಿನವಿರಲಿಲ್ಲ. ಅವಳು ಏತಿ ಅಂದರೆ ನಾನು ಪ್ರೇತಿ ಅನ್ನುವವಳು. ಸಾರಿನ ಉಪ್ಪಿನಿಂದ ಹಿಡಿದು ಸಂತ ಅಂತೋನಿಯ ಮುಂದೆ ಎಷ್ಟು ಮೇಣದಬತ್ತಿ ಹಚ್ಚಬೇಕೆಂಬ ತನಕ ವಾದ. ಅಣ್ಣ ರಜೆಯಲ್ಲಿ ಬಂದಾಗ ನಡುವೆ ಕಾಲು ಚಾಚಿ ಕೂತು, "ಇದನ್ನು ನೋಡ್ಲಿಕ್ಕೆ ಟಿಕೇಟು ಇಡಬೇಕು ಮಾರಾಯ್ತಿ, ನಾನು ಹಡಗಿಗೆ ಹೋಗುವುದು ಬೇಡ," ಎಂದು ನಗುತ್ತಿದ್ದ.

ಆ ಅಣ್ಣ ಒಮ್ಮೆ ಬಸ್ರಾ ಬಂದರಿನಲ್ಲಿ ಹಡಗಿನಿಂದ ಇಳಿದ. ಹಡಗು ಹೊರಡುವ ಹೊತ್ತಿಗೆ ಹಿಂದಿರುಗಲಿಲ್ಲ. ಕಂಪೆನಿಯವರು ಇಂಗ್ಲಿಷಿನಲ್ಲಿ ತಿಳಿಸಿದ್ದು ಅಷ್ಟೇ. ನಾನು ಅದನ್ನು ಓದಿ ಹೇಳಿದಾಗ ಅಮ್ಮ ಆ ಕಾಗದವನ್ನು ಕೇಳಿ ತೆಗೆದುಕೊಂಡು ಮಡಚಿಟ್ಟಳು.

"ಇಳಿದಿದ್ದಾನೆ ಅಂದ್ರೆ ನೆಲದ ಮೇಲೆ ಇದ್ದಾನೆ," ಎಂದಳು ಆಮೇಲೆ. "ನೀರಿನಲ್ಲಿ ಇಲ್ಲ."

ಅದೊಂದು ಮಾತನ್ನು ಹಿಡಿದುಕೊಂಡೇ ಅವಳು ವರ್ಷಗಳನ್ನು ದೂಡಿದಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಸೆಪ್ಟೆಂಬರಿನಲ್ಲಿ ಬರುವ ಮರಿಯಮ್ಮನ ಹುಟ್ಟುಹಬ್ಬವನ್ನು ನಾವು ಮೊಂತಿ ಫೆಸ್ತ್ ಎನ್ನುತ್ತೇವೆ, ಊರವರು ತೆನೆ ಹಬ್ಬ ಎನ್ನುತ್ತಾರೆ. ಮಕ್ಕಳು ಹೂವು ತಂದು ಮರಿಯಮ್ಮನ ಮುಂದೆ ಹಾಕುತ್ತಾರೆ, ಪಾದ್ರಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮಧ್ಯಾಹ್ನ ಮೀನು ಮಾಂಸವಿಲ್ಲದ ಊಟ. ಊಟಕ್ಕೆ ಮೊದಲು ತೆನೆಯ ಕಾಳನ್ನು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯಬೇಕು. ದೂರ ಹೋದವರ ಪಾಲಿನ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಾರೆ. ಬದುಕಿರುವವರಿಗೆ ಮಾತ್ರ. ಸತ್ತವರಿಗೆ ಪೂಜೆ ಹೇಳಿಸುತ್ತಾರೆ, ಕಾಳು ಕಳಿಸುವುದಿಲ್ಲ. ನಮ್ಮ ವಠಾರದ ಸಣ್ಣ ಮಗುವಿಗೂ ಇದು ಗೊತ್ತಿತ್ತು.

ಅಮ್ಮ ಪ್ರತಿವರ್ಷ ಅಣ್ಣನ ಪಾಲನ್ನು ಬೊಂಬಾಯಿಯ ಹಡಗು ಕಂಪೆನಿಯ ವಿಳಾಸಕ್ಕೆ ಕಳಿಸುತ್ತಿದ್ದಳು. ಅದು ಮರಳಿ ಬರುತ್ತಿರಲಿಲ್ಲ.

"ವಾಪಸು ಬರಲಿಲ್ಲ ಅಂದ್ರೆ ಸಿಕ್ಕಿತು ಅಂತ ಲೆಕ್ಕ," ಎನ್ನುತ್ತಿದ್ದಳು.

"ಸಿಕ್ಕಿದ್ರೆ ಅವನಿಗೆ ಒಂದು ಗೆರೆ ಬರೀಲಿಕ್ಕೆ ಎಂತ ಆಗಿದೆ, ಮಾಯ್?"

"ನಿನ್ನ ಹಾಗೆ ಬರೆಯುವ ಹುಚ್ಚು ಅವನಿಗೆ ಇಲ್ಲ."

ಈ ಒಂದು ಜಗಳವನ್ನು ನಾನು ಅಲ್ಲಿಗೇ ಬಿಡುತ್ತಿದ್ದೆ. ಅದಕ್ಕೆ ಕಾರಣವಿತ್ತು. ಅಣ್ಣನ ಹಡಗಿನಲ್ಲೇ ಇದ್ದ ನಮ್ಮವನೊಬ್ಬ ರಜೆಯಲ್ಲಿ ಬಂದವನು ಫಳ್ನೀರಿನ ರಸ್ತೆಯಲ್ಲಿ ನನ್ನನ್ನು ಕಂಡು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹಡಗು ಹೊರಟ ಮೇಲೆ ಅಲ್ಲಿ ನದಿಯಲ್ಲಿ ಒಂದು ಹೆಣ ಸಿಕ್ಕಿತ್ತಂತೆ. ಇವನದ್ದೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಕೊರಳಲ್ಲಿ ಜಪಮಾಲೆ ಇತ್ತು ಅಂತ ಹೇಳಿದ್ರು. ನಿಮ್ಮ ತಾಯಿಯ ಹತ್ರ ಹೇಳ್ಬೇಡಿ," ಎಂದ. ಅಣ್ಣ ಜಪಮಾಲೆಯನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಹಾಗೆ ಹಾಕಿಕೊಳ್ಳಬಾರದು, ಕೈಯಲ್ಲಿ ಹಿಡಿಯಬೇಕು ಎಂದು ಅಮ್ಮ ಬೈಯುತ್ತಿದ್ದಳು. ಆ ದಿನ ಮನೆಗೆ ಹೇಗೆ ನಡೆದು ಬಂದೆನೋ ನನಗೆ ನೆನಪಿಲ್ಲ. ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. ಹೇಳಬೇಕೆಂದು ಬಾಯಿ ತೆರೆದವಳು ಚಾ ಉಂಟಾ ಎಂದು ಕೇಳಿದೆ. ಆ ಭಾರವನ್ನು ಒಬ್ಬಳೇ ಹೊತ್ತೆ. ಹೊರಲಾರದೆ ಬರೆಯಲು ಕೂತೆ.

ಪತ್ರಿಕೆಯ ಸಂಪಾದಕರು ಒಬ್ಬ ಪಾದ್ರಿ. ನಶ್ಯದ ಕಲೆಯ ನಿಲುವಂಗಿ, ಚೂಪು ಬಾಯಿ. ಮೊದಲ ಸಲ ಕೊಟ್ಟ ಹಸ್ತಪ್ರತಿಯಲ್ಲಿ ನಾನು ಬೈಬಲಿನ ಸಾಮಾನನ್ನೆಲ್ಲ ತಂದು ತುರುಕಿದ್ದೆ. ಕುರಿಮರಿ, ಮುಳ್ಳಿನ ಕಿರೀಟ, ಬಾಡಿದ ದ್ರಾಕ್ಷಿಬಳ್ಳಿ. ಕಥೆಯ ಹುಡುಗಿಗೆ ಬೇಸರವಾದಾಗಲೆಲ್ಲ ಅವಳು ಅಂಜೂರದ ಮರದ ಕೆಳಗೆ ಹೋಗಿ ಅಳುತ್ತಿದ್ದಳು.

"ಬಾಯೆ," ಎಂದರು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಸಲಿಗೆಯಿಂದ ಕರೆಯುವುದು ಹಾಗೆ. "ಬಿಜೈಯಲ್ಲಿ ಅಂಜೂರದ ಮರ ಎಲ್ಲುಂಟು? ಕುರಿ ಎಲ್ಲಿ ನೋಡಿದ್ದಿ ನೀನು? ಇಲ್ಲಿರುವುದು ಆಡು. ದೇವರು ನಿಮ್ಮ ಅಡುಗೆಮನೆಗೆ ಬರುವುದಿಲ್ಲವಾ? ಅಲ್ಲಿಂದ ಬರಿ."

ನನಗೆ ಮೈಯೆಲ್ಲ ಉರಿಯಿತು. ಆದರೂ ಮನೆಗೆ ಬಂದು ಎಲ್ಲ ಹೊಡೆದುಹಾಕಿ ಮತ್ತೆ ಬರೆದೆ. ಹುಡುಗಿಯ ಅಪ್ಪ ಹಂಚಿನ ಕಾರ್ಖಾನೆಯವನಾದ, ಅಮ್ಮನ ಕಣ್ಣಿಗೆ ಪೊರೆ ಬಂತು, ಅಣ್ಣ ಹಡಗು ಹತ್ತಿದ. ಗಂಡಸಿನ ಹೆಸರು ಇಟ್ಟುಕೊಂಡು ಬರೆಯುತ್ತಿದ್ದೆ. ಆ ಗಂಡಸು ಯಾರೆಂದು ಮೊದಲ ತಿಂಗಳಲ್ಲೇ ವಾರ್ಡಿಗೆಲ್ಲ ಗೊತ್ತಾಯಿತು. ಪತ್ರಿಕೆ ಗುರುವಾರ ಬರುತ್ತಿತ್ತು, ಒಂದೇ ಪ್ರತಿ ಕೈಯಿಂದ ಕೈಗೆ ದಾಟುತ್ತಿತ್ತು. ನೆರೆಮನೆಯಲ್ಲಿ ವಯಸ್ಸಾದ ವಿಧವೆಯೊಬ್ಬಳಿದ್ದಳು, ಎಲ್ಲರಿಗೂ ಅವಳು ಮಾವ್ಶಿ. ಕಥೆಯಲ್ಲೊಂದು ಬರಡು ಕೋಳಿಯನ್ನು ತಂದ ವಾರ ಅವಳು ಬೇಲಿಯ ಹತ್ತಿರ ನಿಂತು ನನ್ನನ್ನು ತರಾಟೆಗೆ ತೆಗೆದುಕೊಂಡಳು: "ನನ್ನ ಕೋಳಿ ಮೊಟ್ಟೆ ಇಡುವುದಿಲ್ಲ ಅಂತ ನಿನಗೆ ಹೇಳಿದ್ದು ಯಾರು?" ಅದು ನಿಮ್ಮ ಕೋಳಿಯಲ್ಲ, ಕಥೆಯ ಕೋಳಿ ಎಂದರೆ ಅವಳು ಒಪ್ಪಲಿಲ್ಲ. ನಾನು ಒಳಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವ ಬದಲು ಯೋಚಿಸಬೇಕಿತ್ತು.

ಹಬ್ಬ ಹತ್ತಿರ ಬಂದಾಗ ಹಬ್ಬದ ಅಧ್ಯಾಯ ಬರೆದೆ. ಕಥೆಯ ತಾಯಿ ತೆನೆ ಸುಲಿಯುತ್ತಾಳೆ. ಬೊಂಬಾಯಿಯ ಮಾವನಿಗೆ, ಆಫ್ರಿಕಾದ ಚಿಕ್ಕಮ್ಮನಿಗೆ ಕಾಳು ಮಡಚುತ್ತಾಳೆ. ಮಗನ ಪಾಲನ್ನು ಅಂಗೈಯಲ್ಲಿ ತೆಗೆದುಕೊಳ್ಳುತ್ತಾಳೆ, ನೋಡುತ್ತಾಳೆ, ಕಾಗದಕ್ಕೆ ಹಾಕದೆ ತನ್ನ ಬಾಯಿಗೆ ಹಾಕಿಕೊಂಡು ನಿಧಾನ ಅಗಿಯುತ್ತಾಳೆ. ಬಾಗಿಲಲ್ಲಿ ನಿಂತ ಹುಡುಗಿ ಅದನ್ನು ನೋಡಿ ಏನೂ ಕೇಳದೆ ಹೋಗಿ ತಟ್ಟೆ ಇಡುತ್ತಾಳೆ. ಬಾಲ್ಯ ಅಲ್ಲಿಗೆ ಮುಗಿಯಿತು. ಸಾವು ಎಂಬ ಶಬ್ದವನ್ನೇ ನಾನು ಬರೆದಿರಲಿಲ್ಲ. ಅದು ನಾನು ಬರೆದದ್ದರಲ್ಲೆಲ್ಲ ಒಳ್ಳೆಯ ಪುಟ, ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಸಂಪಾದಕರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

ಗುರುವಾರ ಸಂಜೆ ಅಮ್ಮ ಎಂದಿನಂತೆ, "ಓದು," ಎಂದು ಕೂತಳು. ಪುಟ ಬಿಡಿಸಿದೆ. ಅಚ್ಚಾದದ್ದನ್ನು ಓದದೆ ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದೆ: ತಾಯಿ ಕಾಳನ್ನು ಮಡಚಿದಳು, ಲಕೋಟೆಗೆ ಅಂಟು ಹಚ್ಚಿದಳು, ಹುಡುಗಿ ಓಡಿಹೋಗಿ ಅಂಚೆಗೆ ಹಾಕಿ ಬಂದಳು. "ಇದು ಸರಿಯಾಗಿ ಬರೆದಿದ್ದಿ," ಎಂದಳು ಅಮ್ಮ. ಅವಳು ನನ್ನ ಬರಹವನ್ನು ಹೊಗಳಿದ್ದು ಅದೊಂದು ಸಲ.

ಭಾನುವಾರ ನಾವು ಎರಡನೆಯ ಪೂಜೆಗೆ ಹೊರಡುವ ಗಡಿಬಿಡಿಯಲ್ಲಿದ್ದೆವು. ಬಾಗಿಲಲ್ಲಿ ಮಾವ್ಶಿ ಬಂದು ನಿಂತಳು. ಕಪ್ಪು ಸೀರೆ ಉಟ್ಟಿದ್ದಳು. ಕೈಯಲ್ಲಿ ಬಟ್ಟೆ ಸುತ್ತಿದ ಗಂಜಿಯ ಪಾತ್ರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಗಂಜಿ ತಂದುಕೊಡುವುದು ನಮ್ಮ ಕ್ರಮ. ಅವಳ ಹಿಂದೆ ಮೊದಲ ಪೂಜೆ ಮುಗಿಸಿ ಬಂದ ಇನ್ನಷ್ಟು ಹೆಂಗಸರು, ಅವರ ಹಿಂದೆ ಟೋಪಿ ತೆಗೆದ ಗಂಡಸರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು.

ಅಮ್ಮನಿಗೆ ಮುಖಗಳು ಮಸುಕು, ಆದರೆ ಕಪ್ಪು ಬಣ್ಣ ಕಂಡಿತು. "ಅಯ್ಯೋ ದೇವರೇ, ಯಾರು ಹೋದದ್ದು ಮಾವ್ಶಿ?" ಎಂದು ಕೇಳುತ್ತಾ ಅವಳ ಕೈ ಹಿಡಿದಳು. ನೆರೆಮನೆಯವರಿಗೆ ಕಷ್ಟ ಬಂತೆಂದು ಸಮಾಧಾನ ಹೇಳಲು ಹೊರಟ ಹಾಗೆ.

ಮಾವ್ಶಿ ಗಂಜಿಯ ಪಾತ್ರೆಯನ್ನು ಅವಳ ಮುಂದೆ ಚಾಚಿದಳು. ಅಮ್ಮ ಅದನ್ನು ಮುಟ್ಟಿ ನೋಡಿದಳು. ಅದು ಬಿಸಿ ಇತ್ತು.

"ನನ್ನವನಾ?" ಎಂದಳು.

"ಅದು ಕಥೆ!" ಎಂದು ನಾನು ಕಿರುಚಿದೆ. "ಎಂತದೂ ಇಲ್ಲ ಮಾಯ್, ಯಾವ ಸುದ್ದಿಯೂ ಬರಲಿಲ್ಲ. ಇವರು ಪತ್ರಿಕೆ ಓದಿ ಬಂದದ್ದು. ಅದು ಕಥೆ ಮಾರಾಯ್ರೇ, ಕಥೆ!"

ಮಾವ್ಶಿ ಕಂಗಾಲಾಗಿ ನನ್ನನ್ನು ನೋಡಿದಳು. "ಅವನ ಪಾಲಿನ ತೆನೆಯನ್ನು ತಾಯಿಯೇ ತಿಂದಳು ಅಂತ ಬರೆದದ್ದು ನೀನಲ್ಲವಾ ಬಾಯೆ? ಸುಮ್ಮನೆ ಹಾಗೆ ಯಾರಾದ್ರೂ ಬರೀತಾರಾ? ಬಾಯಿಬಿಟ್ಟು ಹೇಳ್ಲಿಕ್ಕಾಗದೆ ಬರೆದು ಹೇಳಿದ್ದಿ ಅಂತ ನಾವು ಎಣಿಸಿದ್ದು. ಫಾದರ್ ಅಚ್ಚು ಹಾಕಿಸಿದ್ದು ಸುಳ್ಳು ಅಂತ ನಮಗೆ ಹೇಗೆ ಗೊತ್ತಾಗ್ತದೆ?"

ಅವಳ ಮೇಲೆ ಹರಿಹಾಯಲು ಹೊರಟವಳು ನಿಂತೆ. ಆ ಮುದುಕಿ ನನ್ನ ಪುಟವನ್ನು ಸರಿಯಾಗಿಯೇ ಓದಿದ್ದಳು. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದು ಹೇಳಿದ್ದು ಹೌದು. ಅಂಗಳದಲ್ಲಿ ನಿಂತ ಅಷ್ಟೂ ಜನರಿಗೆ ಅದು ತಲುಪಿತ್ತು.

ಅಮ್ಮ ಒಳಗೆ ಹೋಗಿ ಮಲಗಿದವಳು ಏಳಲಿಲ್ಲ, ಊಟ ಬಿಟ್ಟಳು. ಹಬ್ಬ ಬಂತು. ಇಗರ್ಜಿಯಿಂದ ನಾನೇ ತೆನೆ ತಂದು ಸುಲಿದು ಹಾಲು ಕಾಯಿಸಿದೆ. ಅವಳು ಕುಡಿಯಲಿಲ್ಲ. ಅಣ್ಣನ ಪಾಲಿನ ಕಾಳನ್ನು ಮಡಚಿ ಅವಳ ಅಂಗೈಯಲ್ಲಿಟ್ಟೆ. ಕೈ ಬಿಡಿಸಿದ ಹಾಗೆಯೇ ಇತ್ತು, ಕಾಗದ ಚಾಪೆಯ ಮೇಲೆ ಬಿತ್ತು. ಶಾಲೆಗೆ ಹೋದರೆ ಮಕ್ಕಳ ಮುಖ ಕಾಣುತ್ತಿರಲಿಲ್ಲ ನನಗೆ. ಮನೆಗೆ ಬಂದರೆ ಅವಳು ಗೋಡೆಯ ಕಡೆ ತಿರುಗಿರುತ್ತಿದ್ದಳು. ಬೈಯಲಿ, ಒಂದು ಪಾತ್ರೆಯನ್ನಾದರೂ ಎತ್ತಿ ಎಸೆಯಲಿ ಎಂದು ನಾನು ಕಾಯುತ್ತಿದ್ದೆ. ಆ ಮನೆಯಲ್ಲಿ ಜಗಳದ ಸದ್ದು ನಿಂತದ್ದು ಅದೇ ಮೊದಲು. ಅವಳು ಸಾಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ತಡೆಯುವುದು ಹೇಗೆಂದು ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳೇ ಮಾತಾಡಿದಳು.

"ಕಥೆ ಮುಗಿಯಿತಾ?"

"ಒಂದು ಕಂತು ಬಾಕಿ ಉಂಟು, ಮಾಯ್."

"ನೀನು ಬರೆದು ಕೊಂದದ್ದು ಅವನನ್ನು. ಬರೆದೇ ಬದುಕಿಸು. ಅವನು ಮನೆಗೆ ಬರಬೇಕು, ಎಲ್ಲರ ಎದುರು. ಗಂಜಿ ತಂದವರೆಲ್ಲ ಓದಬೇಕು."

ಬರೆದರೆ ಊಟ ಮಾಡುತ್ತೀಯಾ ಎಂದು ಕೇಳಿದೆ. ಹೂಂ ಎಂದಳು. ನಾನು ಅಲ್ಲಿಂದಲೇ ಸಂಪಾದಕರ ಬಳಿಗೆ ಓಡಿದೆ.

ಅವರು ಪ್ರೆಸ್ಸಿನ ಪಕ್ಕದ ಕೋಣೆಯಲ್ಲಿದ್ದರು. ಆ ಭಾನುವಾರದ ಸುದ್ದಿ ಅವರಿಗೂ ಮುಟ್ಟಿತ್ತು, ಸೊರಗಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ತಲೆಯಲ್ಲಾಡಿಸಿದರು. "ತಾಯಿ ತೆನೆ ತಿಂದ ಮೇಲೆ ಅವನನ್ನು ಹೇಗೆ ತರ್ತಿ ಬಾಯೆ? ಅದು ಒಪ್ಪುವುದಿಲ್ಲ. ಓದುವವರು ನಗಾಡ್ತಾರೆ."

"ಪ್ರತಿ ಈಸ್ಟರಿಗೆ ನೀವು ನಮಗೆ ಹೇಳುವುದು ಎಂತ ಮತ್ತೆ, ಫಾದರ್? ಸತ್ತವನು ಎದ್ದು ಬಂದ ಅಂತಲ್ಲವಾ? ಅದಕ್ಕೆ ಯಾರೂ ನಗಾಡುವುದಿಲ್ಲವಲ್ಲ."

ಅವರು ಬಹಳ ಹೊತ್ತು ನಶ್ಯದ ಡಬ್ಬಿಯನ್ನು ತಿರುಗಿಸುತ್ತಾ ಕೂತರು. "ಅದು ನಾನು ಬರೆದ ಕಥೆಯಲ್ಲ," ಎಂದರು ಕೊನೆಗೆ. "ಆಯ್ತು. ಬರ್ಕೊಂಡು ಬಾ. ಅಚ್ಚು ಮಾಡ್ತೇನೆ."

ಬರೆದೆ. ಇಷ್ಟು ಸಲೀಸಾಗಿ ನಾನು ಎಂದೂ ಬರೆದಿರಲಿಲ್ಲ. ಮಗ ಬಂದರಿನಲ್ಲಿ ಇಳಿದು, ಹಂಪನಕಟ್ಟೆ ದಾಟಿ, ಏರು ಹತ್ತಿ ನಡೆದುಕೊಂಡು ಬರುತ್ತಾನೆ. ಅಂಗೈಯಲ್ಲಿ ಹಗ್ಗ ಕೊರೆದ ಗಾಯದ ಗುರುತು. ತಾಯಿಗೆ ಕಣ್ಣು ಕಾಣದು, ಬೆರಳಿನಿಂದ ಆ ಗಾಯವನ್ನು ಮುಟ್ಟಿ ಮುಟ್ಟಿ ನಂಬುತ್ತಾಳೆ. ಹಸಿವಾಗಿದೆ, ತಿನ್ನಲು ಎಂತ ಉಂಟು ಎಂದು ಅವನು ಕೇಳುತ್ತಾನೆ, ಅವಳು ಸುಟ್ಟ ಮೀನು ಕೊಡುತ್ತಾಳೆ. ಎಲ್ಲವೂ ಬೈಬಲಿನ ಸುವಾರ್ತೆಯಿಂದ ಎತ್ತಿದ್ದು. ಸಮಾಧಿಯಿಂದ ಎದ್ದವನ ಗಾಯ, ಅವನು ತಿಂದ ಮೀನು. ಅಂಜೂರದ ಮರವೊಂದನ್ನು ಬಿಟ್ಟು ಮತ್ತೆ ಎಲ್ಲ ಸಾಮಾನು ತಂದಿದ್ದೆ. ಬರೆಯುವಾಗ ನನಗೆ ಅಳು ಬರಲಿಲ್ಲ. ಒಂದು ಅಕ್ಷರವೂ ನನ್ನನ್ನು ತಾಗಲಿಲ್ಲ. ಅವಳು ಊಟ ಮಾಡಲಿ, ಅಷ್ಟು ಸಾಕು ಎಂದೇ ಬರೆದು ಮುಗಿಸಿದೆ.

ಪ್ರೆಸ್ಸಿಗೆ ಕೊಡುವ ಮೊದಲು ಓದಿ ಹೇಳು ಎಂದಳು ಅಮ್ಮ. ಎದ್ದು ಗೋಡೆಗೆ ಒರಗಿ ಕೂತಳು. ತಲೆ ಬಾಚಿಕೊಂಡಿದ್ದಳು, ಅರ್ಧ ಲೋಟ ಗಂಜಿಯನ್ನೂ ಕುಡಿದಿದ್ದಳು. ಸಂಜೆಯ ಬೆಳಕು ಇನ್ನೂ ಇತ್ತು. ಬರೆದದ್ದನ್ನು ಬರೆದ ಹಾಗೆಯೇ ಓದಿದೆ. ಅವಳು ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ.

"ಮುಗಿಯಿತಾ?"

"ಮುಗಿಯಿತು, ಮಾಯ್."

"ನಾನು ಹೇಳಿದ ಹಾಗೆಯೇ ಬರೆದಿದ್ದಿ."

"ಹೌದು."

"ಹುಟ್ಟಿದ ಮೇಲೆ ನನ್ನ ಒಂದು ಮಾತು ಕೇಳಿದವಳಲ್ಲ ನೀನು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವನು ಬರ್ತಾನೆ ಅಂತ ನಿನಗೆ ಒಂದು ಸಾಸಿವೆಯಷ್ಟು ನಂಬಿಕೆ ಇದ್ದಿದ್ರೆ ಇದಕ್ಕೂ ಜಗಳ ಮಾಡ್ತಿದ್ದಿ. ಹೀಗಲ್ಲ ಬರುವುದು, ಹಾಗೆ ಬರುವುದು ಅಂತ ಹೇಳ್ತಿದ್ದಿ. ಪಾಪದವಳ ಹಾಗೆ ಹೇಳಿದ್ದನ್ನು ಬರೆದು ತಂದಿ."

ನಾನು ಜಗಳ ತೆಗೆಯಬೇಕಿತ್ತು. ಎಂತ ಮಾತಾಡ್ತಿ ಮಾಯ್ ಎಂದು ದನಿ ಏರಿಸಬೇಕಿತ್ತು. ಓದಿದ ಕಾಗದಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಕೂತೆ.

"ಯಾರು ಹೇಳಿದ್ದು ನಿನಗೆ?" ಎಂದು ಕೇಳಿದಳು.

ಫಳ್ನೀರಿನ ರಸ್ತೆಯಲ್ಲಿ ಸಿಕ್ಕಿದವನ ಮಾತನ್ನು ಹೇಳಿದೆ. ನದಿ, ಹೆಣ. ಜಪಮಾಲೆ ಕೈಯಲ್ಲಿತ್ತಾ ಎಂದು ಕೇಳಿದಳು. ಕೊರಳಲ್ಲಿ ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಕಾಗದಗಳನ್ನು ಮಡಚಿದೆ. ಅವು ಪ್ರೆಸ್ಸಿಗೆ ಹೋಗಲಿಲ್ಲ, ಬೆಳಗ್ಗೆ ನಾನೇ ಒಲೆಗೆ ಹಾಕಿದೆ.

ಆದರೆ ಆ ಸಂಜೆ ಇನ್ನೂ ಮುಗಿದಿರಲಿಲ್ಲ. ಇಗರ್ಜಿಯ ಸಂಜೆಯ ಗಂಟೆ ಆಯಿತು. ಅಮ್ಮ ಕೈ ಚಾಚಿದಳು, ನಾನು ಹಿಡಿದು ಎಬ್ಬಿಸಿದೆ. ದೇವರ ಪಟದ ಮುಂದೆ ಇಬ್ಬರೂ ಮೊಣಕಾಲೂರಿದೆವು. ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಮನೆಯವರ ಹೆಸರೆತ್ತಿ ಬೇಡುವುದು ನಮ್ಮ ಪದ್ಧತಿ. ಮೊದಲು ಬದುಕಿರುವವರಿಗೆ, ಆಮೇಲೆ ಸತ್ತವರಿಗೆ. ಬದುಕಿರುವವರ ಸರದಿ ಬಂದಾಗ ಅಮ್ಮ ನನ್ನ ಹೆಸರೊಂದನ್ನೇ ಹೇಳಿದಳು.